ಬ್ಯಾಂಡ್ ಫಾರ್ಮ್ ಮನೆಗೆ ಬಂತು, ಯಾವ ವಾದ್ಯಕ್ಕೆ ಟಿಕ್ ಹಾಕೋದು?

ಏಪ್ರಿಲ್ ಬಂದರೆ ಸಾಕು, ಅಮೆರಿಕದ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಇದೇ ಪ್ರಶ್ನೆ. ‘ಮಗಳು ಮುಂದಿನ ವರ್ಷ ಆರನೇ ಕ್ಲಾಸು. ಸ್ಕೂಲಿಂದ ಬ್ಯಾಂಡ್ ಫಾರ್ಮ್ ಬಂದಿದೆ. ಮೂರು ವಾದ್ಯದ ಹೆಸರು ಬರೀಬೇಕಂತೆ. ಏನು ಬರೆಯೋದು?’ ಒಬ್ಬೊಬ್ಬರಿಗೂ ಉತ್ತರ ಟೈಪ್ ಮಾಡಿ ನನ್ನ ಬೆರಳು ಸೋತಿವೆ. ನಮ್ಮ ಮನೆಯ ಇಬ್ಬರು ಮಕ್ಕಳೂ ಈ ದಾರಿಯಲ್ಲಿ ಹೋದವರು. ಒಬ್ಬಳು ಕ್ಲಾರಿನೆಟ್, ಇನ್ನೊಬ್ಬ ಟ್ರೊಂಬೋನ್. ಆದ್ದರಿಂದ ಗೊತ್ತಿರುವುದನ್ನೆಲ್ಲ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಊರಲ್ಲಿ ನಮಗೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆ, ಇಲ್ಲವೇ ಆಗಸ್ಟ್ 15ರ ಪರೇಡ್. ಇಲ್ಲಿ ಅದು ಗಣಿತ, ವಿಜ್ಞಾನದ ಹಾಗೆ ಟೈಮ್‌ಟೇಬಲ್‌ನಲ್ಲಿರುವ ಒಂದು ಕ್ಲಾಸು. ಮಾರ್ಕ್ಸ್ ಕೂಡ ಇರುತ್ತದೆ. ಕೆಲವು ಊರುಗಳಲ್ಲಿ ನಾಲ್ಕನೇ ಅಥವಾ ಐದನೇ ಕ್ಲಾಸಿಗೆ ಶುರು, ಟೆಕ್ಸಾಸ್‌ನಲ್ಲಿ ಹೆಚ್ಚಾಗಿ ಆರನೇ ಕ್ಲಾಸಿಗೆ. ಬ್ಯಾಂಡ್‌ನಲ್ಲಿ ಇರುವುದು ಊದುವ ವಾದ್ಯಗಳು ಮತ್ತು ತಾಳವಾದ್ಯಗಳು ಮಾತ್ರ. ಪಿಟೀಲು, ಚೆಲ್ಲೊ ಬೇಕಿದ್ದರೆ ಅದಕ್ಕೆ ಆರ್ಕೆಸ್ಟ್ರಾ ಅಂತ ಬೇರೆ ಕ್ಲಾಸು. ಪಿಯಾನೊ, ಗಿಟಾರ್ ಫಾರ್ಮಿನಲ್ಲಿ ಇರುವುದಿಲ್ಲ. ನಮ್ಮ ಬಿದಿರಿನ ಕೊಳಲೂ ಇಲ್ಲ.

1. ಅಂಗಡಿಗೆ ಹೋಗುವ ಮೊದಲು ಟೀಚರ್‌ಗೆ ಮೇಲ್ ಮಾಡಿ

ಬ್ಯಾಂಡ್ ನಡೆಸುವ ಟೀಚರ್‌ಗೆ ಇಲ್ಲಿ ಬ್ಯಾಂಡ್ ಡೈರೆಕ್ಟರ್ ಅನ್ನುತ್ತಾರೆ. ಅವರನ್ನು ಇಷ್ಟು ಕೇಳಿ: ಮೊದಲ ವರ್ಷ ಯಾವ ವಾದ್ಯಗಳಿಗೆ ಅವಕಾಶ ಇದೆ? ಸ್ಕೂಲೇ ಕೊಡುವ ವಾದ್ಯ ಯಾವುದು? ನಿಮ್ಮ ಪಟ್ಟಿಯಲ್ಲಿ ಯಾವ ಬ್ರ್ಯಾಂಡ್, ಯಾವ ಮಾದರಿ ಇದೆ? ಮಗು ಊದಿ ನೋಡುವ ದಿನ ಯಾವತ್ತು?

ಎರಡನೇ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಟ್ಯೂಬಾ (ದಪ್ಪ ಸದ್ದಿನ ದೊಡ್ಡ ಹಿತ್ತಾಳೆ ವಾದ್ಯ), ಯುಫೋನಿಯಂ (ಟ್ಯೂಬಾದ ಚಿಕ್ಕ ತಮ್ಮನಂಥದು), ಬಸೂನ್ (ಉದ್ದ ಕೊಳವೆಯ ಮರದ ವಾದ್ಯ), ಫ್ರೆಂಚ್ ಹಾರ್ನ್ (ಸುರುಳಿ ಸುತ್ತಿದ ಹಿತ್ತಾಳೆ ಕೊಂಬು) ಇಂಥ ದೊಡ್ಡ ಅಥವಾ ದುಬಾರಿ ವಾದ್ಯಗಳನ್ನು ಎಷ್ಟೋ ಸ್ಕೂಲುಗಳು ತಾವೇ ಇಟ್ಟುಕೊಂಡಿರುತ್ತವೆ. ವರ್ಷಕ್ಕೆ ಸಣ್ಣ ಶುಲ್ಕ ಕಟ್ಟಿದರೆ ಸಾಕು. ಕೆಲವು ಕಡೆ ಮನೆಗೊಂದು, ಸ್ಕೂಲಿಗೊಂದು ಕೊಡುತ್ತಾರೆ, ಬಸ್ಸಿನಲ್ಲಿ ಹೊತ್ತು ತಿರುಗುವ ಕಷ್ಟವೂ ಇಲ್ಲ. ಕೈ ಬಿಗಿ ಇರುವ ಮನೆಯವರು ಇದನ್ನು ಮೊದಲೇ ಕೇಳಿ. ನಾಚಿಕೆಪಡುವಂಥದ್ದು ಏನೂ ಇಲ್ಲ.

2. ಮಗುವಿಗೆ ಸದ್ದು ಕೇಳಿಸಿ, ಆಮೇಲೆ ಊದಿಸಿ

ಮಗುವನ್ನು ‘ಯಾವುದು ಬೇಕು?’ ಅಂತ ಕೇಳಿದರೆ ಹೊಳೆಯುವುದನ್ನು ತೋರಿಸುತ್ತದೆ, ಇಲ್ಲವೇ ಗೆಳತಿ ಆರಿಸಿದ್ದನ್ನು. ಅದರ ಬದಲು ವಾದ್ಯ ಕಾಣದ ಹಾಗೆ, ಒಂದೊಂದರ ಸದ್ದನ್ನು ಎರಡು ಮೂರು ನಿಮಿಷ ಕೇಳಿಸಿ. ಒಂದೆರಡು ದಿನ ಬಿಟ್ಟು ಮತ್ತೆ ಕೇಳಿಸಿ. ಎರಡೂ ಸಲ ಯಾವುದನ್ನು ಇಷ್ಟಪಟ್ಟಿತೋ ಅದನ್ನು ಗುರುತು ಹಾಕಿಕೊಳ್ಳಿ. ಮುಂದಿನ ಮೂರು ವರ್ಷ ಆ ಸದ್ದು ಹೊರಡುವುದು ಮಗುವಿನ ಮೂಗಿನ ಕೆಳಗೇ. ಸದ್ದು ಇಷ್ಟವಾಗದ ವಾದ್ಯವನ್ನು ಯಾವ ಮಗುವೂ ದಿನಾ ಕೈಗೆತ್ತಿಕೊಳ್ಳುವುದಿಲ್ಲ. ನನ್ನ ಲೆಕ್ಕದಲ್ಲಿ ಬೇರೆಲ್ಲ ಪ್ರಶ್ನೆಗಳೂ ಇದರ ನಂತರ.

ಹೆಚ್ಚಿನ ಸ್ಕೂಲುಗಳು ಒಂದು ಸಂಜೆ ಎಲ್ಲ ವಾದ್ಯಗಳನ್ನೂ ಊದಿ ನೋಡಲು ಬಿಡುತ್ತವೆ. ತಪ್ಪಿಸಬೇಡಿ. ಅಲ್ಲಿ ಟೀಚರ್ ನೋಡುವುದು ಎಂಬಷೂರ್ ಅನ್ನು. ಅಂದರೆ ತುಟಿ, ಹಲ್ಲು, ದವಡೆಯನ್ನು ಮೌತ್‌ಪೀಸಿಗೆ ಒಗ್ಗಿಸುವ ರೀತಿ. ಮೌತ್‌ಪೀಸ್ ಅಂದರೆ ಬಾಯಿಗೆ ತಾಗುವ ತುದಿ ಭಾಗ.

ಆ ದಿನಕ್ಕೆ ಮೊದಲು ಮನೆಯಲ್ಲೂ ಸ್ವಲ್ಪ ಆಟ ಆಡಬಹುದು. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿಸಿ. ಒಂದೆರಡು ಪ್ರಯತ್ನಕ್ಕೆ ಸದ್ದು ಬಂದರೆ ಫ್ಲೂಟ್‌ಗೆ ಒಳ್ಳೆಯ ಸೂಚನೆ. ಚಿಕ್ಕ ಮಕ್ಕಳು ಬಸ್ ಓಡಿಸುವ ಆಟದಲ್ಲಿ ‘ಬುರ್ರ್’ ಅನ್ನುತ್ತವಲ್ಲ, ಅದನ್ನೇ ತುಟಿ ಬಿಗಿ ಹಿಡಿದು ಜೇನುಹುಳದ ಸದ್ದಿನ ಹಾಗೆ ಮಾಡಿದರೆ ಟ್ರಂಪೆಟ್, ಟ್ರೊಂಬೋನ್ ಊದುವ ಮೂಲ ಕೆಲಸ ಅದೇ.

‘ದಪ್ಪ ತುಟಿಗೆ ಟ್ರಂಪೆಟ್ ಆಗಲ್ಲ’ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ದಪ್ಪ ತುಟಿಯ ದೊಡ್ಡ ದೊಡ್ಡ ಟ್ರಂಪೆಟ್ ವಾದಕರು ಇದ್ದಾರೆ. ‘ಫ್ಲೂಟ್ ಹುಡುಗಿಯರಿಗೆ, ಡ್ರಮ್ ಹುಡುಗರಿಗೆ’ ಅನ್ನುವ ಮಾತನ್ನೂ ಕಸಕ್ಕೆ ಹಾಕಿ.

3. ಕೈ, ಹಲ್ಲು, ಬೆನ್ನು ನೋಡಿ

ಕ್ಲಾರಿನೆಟ್‌ನಲ್ಲಿ ಬೆರಳ ತುದಿಯಿಂದಲೇ ರಂಧ್ರ ಮುಚ್ಚಬೇಕು. ತೀರಾ ಸಣ್ಣ ಬೆರಳಾದರೆ ಸಂದಿಯಲ್ಲಿ ಗಾಳಿ ಸೋರಿ ಕೀರಲು ಸದ್ದು ಬರುತ್ತದೆ. ಟ್ರೊಂಬೋನ್‌ನಲ್ಲಿ ಸ್ಲೈಡ್ ಅನ್ನುವ ಜಾರುವ ಕೊಳವೆಯನ್ನು ಏಳು ಜಾಗಗಳಲ್ಲಿ ನಿಲ್ಲಿಸಬೇಕು. ಆರನೆಯದು, ಏಳನೆಯದು ಗಿಡ್ಡ ಕೈಗೆ ಎಟುಕುವುದಿಲ್ಲ. ನಮ್ಮ ಮಗನಿಗೂ ಎಟುಕುತ್ತಿರಲಿಲ್ಲ. ಮೊದಲ ವರ್ಷದ ಪಾಠಗಳಲ್ಲಿ ಆ ಜಾಗಗಳು ಕಡಿಮೆ, ಅಷ್ಟರಲ್ಲಿ ಕೈ ಬೆಳೆಯಿತು. ಅದೊಂದೇ ಕಾರಣಕ್ಕೆ ಬಿಡಬೇಡಿ. ಪುಟ್ಟ ಮಕ್ಕಳಿಗೆ ತಲೆಭಾಗ ಬಾಗಿದ ಫ್ಲೂಟ್ ಕೂಡ ಸಿಗುತ್ತದೆ.

ಹಲ್ಲಿಗೆ ಬ್ರೇಸಸ್, ಅಂದರೆ ಹಲ್ಲು ನೇರ ಮಾಡುವ ತಂತಿ, ಹಾಕಿಸುವ ಯೋಚನೆ ಇದ್ದರೆ ಟೀಚರ್‌ಗೂ ಹೇಳಿ, ಹಲ್ಲಿನ ಡಾಕ್ಟರಿಗೂ ಹೇಳಿ. ಟ್ರಂಪೆಟ್, ಫ್ರೆಂಚ್ ಹಾರ್ನ್ ಮೌತ್‌ಪೀಸ್ ಚಿಕ್ಕದು. ಅದು ತುಟಿಯನ್ನು ತಂತಿಗೆ ಒತ್ತಿ ನೋಯಿಸುತ್ತದೆ. ಟ್ರೊಂಬೋನ್, ಯುಫೋನಿಯಂ ಮೌತ್‌ಪೀಸ್ ದೊಡ್ಡದು, ಹಾಗಾಗಿ ನೋವು ಕಡಿಮೆ. ಫ್ಲೂಟ್ ಊದುವವರಿಗೆ ಕೆಲವು ವಾರ ಸದ್ದು ಕೈಕೊಡಬಹುದು, ಮತ್ತೆ ಹಿಡಿತ ಬರುತ್ತದೆ. ಉಬ್ಬಸ ಇರುವ ಮಗುವಾದರೆ ಡಾಕ್ಟರನ್ನು ಒಂದು ಮಾತು ಕೇಳಿಬಿಡಿ.

ಆಮೇಲೆ ಭಾರ. ಫ್ಲೂಟ್, ಕ್ಲಾರಿನೆಟ್ ಸ್ಕೂಲ್ ಬ್ಯಾಗಿನ ಜೊತೆ ಹೋಗುತ್ತವೆ. ಆಲ್ಟೊ ಸ್ಯಾಕ್ಸೊಫೋನ್ ಪೆಟ್ಟಿಗೆ ಹಾಗಲ್ಲ. ಬಸ್ ಸ್ಟಾಪಿಗೆ ನಡೆಯುವ ಮಗುವಾದರೆ ಒಮ್ಮೆ ಎತ್ತಿಸಿ ನೋಡಿ.

4. ಒಂದೊಂದರ ಸ್ವಭಾವ

ಫ್ಲೂಟ್: ನಮ್ಮ ಕೊಳಲಿನ ಹಾಗೇ ಅಡ್ಡ ಹಿಡಿದು ಊದುವುದು. ಊರಲ್ಲಿ ಕೊಳಲು ಕಲಿತ ಮಗುವಿಗೆ ಮೊದಲ ದಿನವೇ ಸದ್ದು ಬರಬಹುದು. ಆದರೆ ಬೆರಳು ರಂಧ್ರದ ಮೇಲಲ್ಲ, ಕೀಲಿಯ ಮೇಲೆ. ಕೀಲಿ ಅಂದರೆ ಒತ್ತಿದರೆ ರಂಧ್ರ ಮುಚ್ಚುವ ಅಥವಾ ತೆರೆಯುವ ಲೋಹದ ಭಾಗ. ಅರ್ಧ ರಂಧ್ರ ತೆರೆದು ಗಮಕ ಜಾರಿಸುವ ಕೆಲಸ ಶುರುವಿನ ಫ್ಲೂಟಿನಲ್ಲಿ ಆಗುವುದಿಲ್ಲ. ಗಾಳಿಯಲ್ಲಿ ಒಂದಿಷ್ಟು ಸುಮ್ಮನೆ ಹೊರಗೆ ಹೋಗುವುದರಿಂದ ಮೊದಲ ವಾರಗಳಲ್ಲಿ ತಲೆ ತಿರುಗಿದ ಹಾಗಾಗುವುದು ಮಾಮೂಲು. ಕೂತು ಊದಿಸಿ, ನಡುವೆ ಬಿಡುವು ಕೊಡಿ.

ಕ್ಲಾರಿನೆಟ್: ಇದಕ್ಕೆ ರೀಡ್ ಬೇಕು. ಜೊಂಡಿನ ಜಾತಿಯ ಗಿಡದ ಕಾಂಡ ಸೀಳಿ ಮಾಡಿದ ತೆಳು ಪಟ್ಟಿ ಅದು. ಗಾಳಿಗೆ ಅದು ಅದುರಿದರೆ ಸದ್ದು. ಮೊದಲ ಐದಾರು ತಿಂಗಳು ಸಲೀಸು. ಆಮೇಲೆ ‘ಬ್ರೇಕ್’ ಬರುತ್ತದೆ. ಕೆಳಗಿನ ಸ್ವರಗಳಿಂದ ಮೇಲಿನ ಸ್ವರಗಳಿಗೆ ದಾಟುವ ಜಾಗ ಅದು. ಅಲ್ಲಿ ಒಮ್ಮೆಗೇ ಎಲ್ಲ ಬೆರಳೂ ಸರಿಯಾಗಿ ಕೂರಬೇಕು. ಮಗಳು ಅತ್ತಿದ್ದು ಅಲ್ಲೇ. ಒಂದೆರಡು ತಿಂಗಳಲ್ಲಿ ದಾಟಿದಳು. ಈ ಹಂತ ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ, ಅದಕ್ಕೇ ಹೇಳಿದೆ.

ಆಲ್ಟೊ ಸ್ಯಾಕ್ಸೊಫೋನ್: ಮಂಗಳೂರು ಕಡೆಯವರ ಮೊದಲ ಆಯ್ಕೆ ಹೆಚ್ಚಾಗಿ ಇದೇ. ಕಾರಣ ಹೇಳಬೇಕಾ? ಬಂಟ್ವಾಳದ ಸಜಿಪದಿಂದ ಬಂದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದವರು. ಸದ್ದು ಬೇಗ ಬರುತ್ತದೆ, ಬೆರಳಿನ ಲೆಕ್ಕವೂ ಕ್ಲಾರಿನೆಟ್‌ಗಿಂತ ಸುಲಭ. ತೊಂದರೆ ಏನೆಂದರೆ ಎಲ್ಲರೂ ಇದನ್ನೇ ಬರೆಯುತ್ತಾರೆ. ಸ್ಕೂಲಿನಲ್ಲಿ ಜಾಗ ಕೆಲವೇ. ಕೆಲವು ಟೀಚರ್‌ಗಳು ಮೊದಲು ಒಂದು ವರ್ಷ ಕ್ಲಾರಿನೆಟ್ ಮಾಡಿ ಬನ್ನಿ ಅನ್ನುತ್ತಾರೆ. ಬಾಡಿಗೆಯೂ ಜಾಸ್ತಿ.

ಟ್ರಂಪೆಟ್: ಮೂರೇ ವಾಲ್ವ್. ವಾಲ್ವ್ ಅಂದರೆ ಒತ್ತಿದರೆ ಗಾಳಿಯ ದಾರಿ ಉದ್ದವಾಗುವ ಗುಂಡಿ. ಮೂರೇ ಗುಂಡಿ, ಸುಲಭ ಅಂತ ಅಪ್ಪಂದಿರು ಲೆಕ್ಕ ಹಾಕುತ್ತಾರೆ. ಒಂದೇ ಗುಂಡಿಯಲ್ಲಿ ನಾಲ್ಕಾರು ಸ್ವರಗಳಿರುತ್ತವೆ, ಯಾವುದು ಬರಬೇಕು ಅನ್ನುವುದನ್ನು ತುಟಿ ತೀರ್ಮಾನಿಸುತ್ತದೆ. ಧೈರ್ಯದ ಮಗುವಿಗೆ ಒಳ್ಳೆಯದು, ತಪ್ಪಾದರೆ ಇಡೀ ಹಾಲ್‌ಗೆ ಕೇಳಿಸುತ್ತದೆ.

ಟ್ರೊಂಬೋನ್: ಗುಂಡಿಯೇ ಇಲ್ಲ. ಪಿಟೀಲಿನ ಹಾಗೆ ಸ್ವರದ ಜಾಗವನ್ನು ಕಿವಿಯೇ ಹುಡುಕಬೇಕು. ಸರಳೆ, ಜಂಟಿ ವರಸೆ ಶ್ರುತಿಗೆ ಸೇರಿಸಿ ಹಾಡಿ ಅಭ್ಯಾಸ ಇರುವ ಮಕ್ಕಳಿಗೆ ಇದು ಚೆನ್ನಾಗಿ ಕೂರುತ್ತದೆ. ನಮ್ಮವರು ಯಾರೂ ಇದನ್ನು ಬರೆಯುವುದಿಲ್ಲ ಅನ್ನುವುದೇ ನನಗೆ ಬೇಜಾರು. ಟೀಚರ್‌ಗಳಿಗೆ ಸಾಮಾನ್ಯವಾಗಿ ಟ್ರೊಂಬೋನ್ ಮಕ್ಕಳ ಕೊರತೆ ಇರುತ್ತದೆ.

ಫ್ರೆಂಚ್ ಹಾರ್ನ್‌ನಲ್ಲಿ ಸ್ವರಗಳು ಒತ್ತೊತ್ತಾಗಿ ಇರುತ್ತವೆ, ತುಟಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ಬರುತ್ತದೆ. ಚೆನ್ನಾಗಿ ಹಾಡುವ ಮಗುವಾದರೆ ಮಾತ್ರ ಮೊದಲ ವರ್ಷವೇ ಹಾಕಿ. ಓಬೊ, ಬಸೂನ್ ನಮ್ಮ ನಾಗಸ್ವರ, ಶಹನಾಯಿ ಕುಟುಂಬದವು, ಜೋಡಿ ರೀಡಿನವು. ಓಬೊ ರೀಡ್ ಒಂದಕ್ಕೇ 15–20 ಡಾಲರ್ ದಾಟುತ್ತದೆ, ಬೇಗ ಒಡೆಯುತ್ತದೆ, ಹೊರಗೆ ಖಾಸಗಿ ಪಾಠವೂ ಬೇಕಾಗುತ್ತದೆ. ‘ಅಪರೂಪದ ವಾದ್ಯ ಆದರೆ ಕಾಲೇಜು ಅಡ್ಮಿಶನ್‌ಗೆ ಒಳ್ಳೆಯದಂತೆ’ ಅಂತ ಹನ್ನೊಂದು ವರ್ಷದ ಮಗುವಿನ ಕೈಗೆ ಓಬೊ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಯುಫೋನಿಯಂ ಮಾತ್ರ ಸೌಮ್ಯ ಸ್ವಭಾವದ ವಾದ್ಯ, ಸ್ಕೂಲೇ ಕೊಡುತ್ತದೆ ಅಂದರೆ ಎರಡು ಸಲ ಯೋಚಿಸಬೇಡಿ.

ಪರ್ಕಶನ್, ಅಂದರೆ ತಾಳವಾದ್ಯ: ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ‘ಮಗ ಮೃದಂಗ ಕಲೀತಿದ್ದಾನೆ, ಡ್ರಮ್ ಹಾಕೋಣ’ ಅಂತ. ಡ್ರಮ್ ಅಂದರೆ ಕಾಲಲ್ಲಿ ಒಂದು, ಕೈಯಲ್ಲಿ ನಾಲ್ಕು ಬಡಿಯುವ ಡ್ರಮ್ ಸೆಟ್ ಅಲ್ಲ. ಶುರುವಿಗೆ ಸಿಗುವುದು ರಬ್ಬರಿನ ಪ್ರಾಕ್ಟೀಸ್ ಪ್ಯಾಡ್, ಒಂದು ಜೊತೆ ಕೋಲು, ಜೊತೆಗೆ ಬೆಲ್ ಕಿಟ್. ಬೆಲ್ ಕಿಟ್ ಅಂದರೆ ಪಿಯಾನೊ ಮನೆಗಳ ಹಾಗೆ ಜೋಡಿಸಿದ ಲೋಹದ ಪಟ್ಟಿಗಳು. ಹಾಗಾಗಿ ಸ್ವರಲಿಪಿ ಓದಲೇಬೇಕು, ಪಿಯಾನೊ ಗೊತ್ತಿರುವ ಮಕ್ಕಳಿಗೆ ಮೊದಲ ಮಣೆ. ಮೃದಂಗದ ಲಯಜ್ಞಾನ ಖಂಡಿತ ಕೈಹಿಡಿಯುತ್ತದೆ. ಆದರೆ ಸೀಟು ಕಡಿಮೆ, ಅರ್ಜಿ ಜಾಸ್ತಿ.

ಸಂಗೀತ ಬಲ್ಲ ಅಮ್ಮ, ಅಜ್ಜಿಯರಿಗೆ ಒಂದು ಸೂಚನೆ. ಕ್ಲಾರಿನೆಟ್, ಟ್ರಂಪೆಟ್‌ಗಳಲ್ಲಿ ಪುಸ್ತಕದ ‘ಸಿ’ ಊದಿದರೆ ಹಾರ್ಮೋನಿಯಂನ ‘ಸಿ’ ಕೇಳಿಸುವುದಿಲ್ಲ, ಐದನೇ ಕಪ್ಪು ಮನೆಯ ಸ್ವರ ಕೇಳಿಸುತ್ತದೆ. ಆಲ್ಟೊ ಸ್ಯಾಕ್ಸೊಫೋನ್‌ನಲ್ಲಾದರೆ ಎರಡನೇ ಕಪ್ಪು ಮನೆಯದು. ವಾದ್ಯ ಕಟ್ಟಿರುವುದೇ ಹಾಗೆ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇಟ್ಟು ‘ಅಪಸ್ವರ’ ಅಂತ ಮಗುವನ್ನು ಬೈಯಬೇಡಿ.

5. ಫಾರ್ಮ್ ತುಂಬಿಸಿ

ಮೊದಲ ಜಾಗಕ್ಕೆ ಮಗುವಿನ ಆಯ್ಕೆ. ಎರಡನೆಯದು ಊದಿ ನೋಡಿದ ದಿನ ಟೀಚರ್ ‘ಇದು ಚೆನ್ನಾಗಿ ಬರುತ್ತಿದೆ’ ಅಂದದ್ದು. ಮೂರನೆಯದಕ್ಕೂ ಸುಮ್ನೆ ಏನೋ ಒಂದು ಬರೆಯಬೇಡಿ, ಅದೇ ಸಿಕ್ಕಿಬಿಡಬಹುದು. ಟೀಚರ್ ನಲವತ್ತು ಫ್ಲೂಟ್, ಎರಡು ಟ್ರೊಂಬೋನ್ ಇಟ್ಟುಕೊಂಡು ಬ್ಯಾಂಡ್ ಮಾಡಲು ಆಗುವುದಿಲ್ಲ, ಹಂಚಲೇಬೇಕು. ಮೂರನ್ನೂ ಜನಪ್ರಿಯ ವಾದ್ಯಗಳಲ್ಲೇ ತುಂಬಿಸಿದರೆ ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಉತ್ತರ ಬರುವ ತನಕ ವಾದ್ಯ ತರಬೇಡಿ. ‘ಫ್ಲೂಟೇ ಸಿಗುತ್ತೆ ಬಿಡಿ’ ಅಂತ ಮೊದಲೇ ಕೊಂಡು, ಆಮೇಲೆ ಮಾರಾಟಕ್ಕೆ ಹಾಕಿದವರನ್ನು ನಮ್ಮ ಗುಂಪಿನಲ್ಲೇ ನೋಡಿದ್ದೇವೆ, ಅಲ್ವಾ?

6. ಬಾಡಿಗೆಗೆ ತನ್ನಿ

ಮೊದಲ ವರ್ಷ ಬಾಡಿಗೆಯೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫ್ಲೂಟ್, ಕ್ಲಾರಿನೆಟ್, ಟ್ರಂಪೆಟ್ ಬಾಡಿಗೆ ತಿಂಗಳಿಗೆ ಸುಮಾರು 20ರಿಂದ 40 ಡಾಲರ್. ಸ್ಯಾಕ್ಸೊಫೋನ್ ಅದಕ್ಕಿಂತ ಮೇಲೆ. ಹೊಸ ವಿದ್ಯಾರ್ಥಿ ಮಾದರಿಯ ಆಲ್ಟೊ ಸ್ಯಾಕ್ಸೊಫೋನ್ ಕೊಳ್ಳಲು ಹೋದರೆ ಸಾವಿರ ಡಾಲರ್ ದಾಟುತ್ತದೆ. ಡಿಸೆಂಬರ್ ಹೊತ್ತಿಗೆ ಮಗು ‘ನಂಗೆ ಬೇಡ’ ಅಂದರೆ?

ಕರಾರು ಓದುವಾಗ ಇವನ್ನು ನೋಡಿ. ಕಟ್ಟಿದ ಬಾಡಿಗೆ ಕೊಳ್ಳುವ ಬೆಲೆಗೆ ವಜಾ ಆಗುತ್ತದೆಯೇ? ಆಗುವುದಾದರೆ ಆ ಬೆಲೆ ಎಷ್ಟು? ತಿಂಗಳಿಗೆ 35 ಡಾಲರ್‌ನಂತೆ 36 ತಿಂಗಳು ಕಟ್ಟಿದರೆ 1,260 ಡಾಲರ್. ಅದೇ ವಾದ್ಯ ಹೊರಗೆ ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಅಂತ ಹೋಲಿಸಿ. ಎಷ್ಟೋ ಅಂಗಡಿಗಳು ಪೂರ್ತಿ ಪಟ್ಟಿ ಬೆಲೆಯನ್ನೇ ಹಿಡಿದಿರುತ್ತವೆ, ನಡುವೆ ಒಂದೇ ಸಲ ಕಟ್ಟಿ ಮುಗಿಸಿದರೆ ರಿಯಾಯಿತಿ ಕೊಡುತ್ತವೆ. ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ರಿಪೇರಿ ಮತ್ತು ಹಾನಿಯ ರಕ್ಷಣೆಗೆ ತಿಂಗಳಿಗೆ ಕೆಲವು ಡಾಲರ್ ಹೆಚ್ಚಿಗೆ ಕೇಳುತ್ತಾರೆ. ಅದನ್ನು ತೆಗೆದುಕೊಳ್ಳಿ. ಮಕ್ಕಳು ಬೀಳಿಸುತ್ತವೆ. ಕಳ್ಳತನವೂ ಅದರಲ್ಲಿ ಸೇರಿದೆಯೇ ನೋಡಿ.

ವಾದ್ಯ ವಾಪಸು ಕೊಡುವ ತನಕ ಕಾರ್ಡಿನಿಂದ ಹಣ ಹೋಗುತ್ತಲೇ ಇರುತ್ತದೆ. ಮಗು ಬ್ಯಾಂಡ್ ಬಿಟ್ಟು ವಾದ್ಯ ಮಂಚದ ಕೆಳಗೆ ಮಲಗಿದ್ದರೂ ಹೋಗುತ್ತದೆ. ಬೇಸಿಗೆ ರಜೆಗೆ ಊರಿಗೆ ಒಯ್ಯುವುದಿದ್ದರೆ ದೇಶದ ಹೊರಗೆ ಒಯ್ಯಲು ಕರಾರು ಬಿಡುತ್ತದೆಯೇ ಅಂತ ಮೊದಲು ಕೇಳಿಕೊಳ್ಳಿ.

ಈಗ ಆನ್‌ಲೈನ್‌ನ ಅಗ್ಗದ ವಾದ್ಯದ ವಿಷಯ. ಪೆಟ್ಟಿಗೆ, ಸ್ಟ್ಯಾಂಡ್, ಗ್ಲವ್ಸ್ ಎಲ್ಲ ಸೇರಿ ನೂರು ನೂರೈವತ್ತು ಡಾಲರ್, ನೀಲಿ, ಗುಲಾಬಿ ಬಣ್ಣದಲ್ಲೂ ಸಿಗುತ್ತದೆ. ನಾನೂ ಮಗಳಿಗೆ ಅಂಥದೊಂದು ಕ್ಲಾರಿನೆಟ್ ತರಿಸಿದ್ದೆ. ಮೂರನೇ ವಾರಕ್ಕೆ ಒಂದು ಕೀಲಿ ಬಗ್ಗಿತು. ರಿಪೇರಿಯವರು ಮುಟ್ಟಲೂ ಒಪ್ಪಲಿಲ್ಲ. ಲೋಹ ಮೆತ್ತಗೆ, ಬದಲಿ ಭಾಗ ಸಿಗುವುದಿಲ್ಲ, ಸರಿ ಮಾಡಿದರೂ ನಿಲ್ಲುವುದಿಲ್ಲ ಅಂದರು. ಅದಕ್ಕಿಂತ ಕೆಟ್ಟದ್ದು ಬೇರೆ ಇದೆ. ಸದ್ದು ಬರದಿದ್ದರೆ ಮಗು ವಾದ್ಯವನ್ನು ದೂರುವುದಿಲ್ಲ, ತನಗೇ ಬರುವುದಿಲ್ಲ ಅಂದುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ಬೇರೆ ಮಾತು. ಯಮಹಾ, ಜುಪಿಟರ್, ಬಾಕ್, ಬಫೆ ಇಂಥ ಹೆಸರಿನ ಹಳೆಯ ವಿದ್ಯಾರ್ಥಿ ಮಾದರಿ ಸಿಕ್ಕರೆ ಲಾಭವೇ. ದುಡ್ಡು ಕೊಡುವ ಮೊದಲು ಟೀಚರ್‌ಗೋ ರಿಪೇರಿಯವರಿಗೋ ತೋರಿಸಿ. ಟ್ರಂಪೆಟ್‌ನ ವಾಲ್ವ್ ಮೂರೂ ತಡೆಯಿಲ್ಲದೆ ಮೇಲೆ ಬರಬೇಕು. ಟ್ರೊಂಬೋನ್ ಸ್ಲೈಡ್ ಎಲ್ಲೂ ಉಜ್ಜದೆ ಜಾರಬೇಕು, ಅದರ ಮೇಲಿನ ಚಿಕ್ಕ ನೆಗ್ಗು ಕೂಡ ದುಬಾರಿ. ಸ್ಯಾಕ್ಸೊಫೋನ್, ಫ್ಲೂಟ್‌ಗಳಲ್ಲಿ ರಂಧ್ರ ಮುಚ್ಚುವ ಪ್ಯಾಡ್‌ಗಳು ಹಳತಾಗಿದ್ದರೆ ಎಲ್ಲವನ್ನೂ ಬದಲಿಸಲು ನೂರಾರು ಡಾಲರ್ ಆಗುತ್ತದೆ. ಕ್ಲಾರಿನೆಟ್ ಪ್ಲಾಸ್ಟಿಕ್ಕಿನದೇ ಸಾಕು. ಮರದ್ದು ಚಳಿಗೆ, ಒಣ ಹವೆಗೆ ಸೀಳು ಬಿಡಬಹುದು.

7. ಜೊತೆಗೆ ಬೇಕಾದ ಚಿಲ್ಲರೆ ಸಾಮಾನು

ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗೆ ರೀಡಿನ ಒಂದು ಪೆಟ್ಟಿಗೆ, ಗಡಸುತನ 2 ಅಥವಾ 2½, ಟೀಚರ್ ಹೇಳಿದ್ದು. ಒಂದನ್ನೇ ಹರಿಯುವ ತನಕ ಬಳಸದೆ ಮೂರನ್ನು ಸರದಿ ಮೇಲೆ ಬಳಸಲಿ. ತುದಿ ಸೀಳಿದ್ದು ಕಸಕ್ಕೆ. ಕ್ಲಾರಿನೆಟ್‌ನ ಕೀಲುಗಳಿಗೆ ಕಾರ್ಕ್ ಗ್ರೀಸ್, ಟ್ರಂಪೆಟ್‌ಗೆ ವಾಲ್ವ್ ಆಯಿಲ್, ಟ್ರೊಂಬೋನ್‌ಗೆ ಸ್ಲೈಡ್ ಕ್ರೀಮ್. ಅಡುಗೆಮನೆಯ ಕೊಬ್ಬರಿ ಎಣ್ಣೆ ನಡೆಯುವುದಿಲ್ಲ, ಚಳಿಗೆ ಗಟ್ಟಿಯಾಗಿ ವಾಲ್ವನ್ನೇ ಹಿಡಿದುಬಿಡುತ್ತದೆ. ಒಳಗಿನ ತೇವ ಒರೆಸುವ ಬಟ್ಟೆ, ಪುಸ್ತಕ ಇಡುವ ಸ್ಟ್ಯಾಂಡ್. ಹಾಸಿಗೆ ಮೇಲೆ ಪುಸ್ತಕ ಹರಡಿ ಬಗ್ಗಿ ಊದಿದರೆ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಆದ್ದರಿಂದ ಸ್ಟ್ಯಾಂಡ್ ತರಲೇಬೇಕು.

8. ಮನೆಗೆ ಬಂದ ಮೇಲೆ

ಪೆಟ್ಟಿಗೆ ತೆರೆಯುವುದನ್ನೂ ಜೋಡಿಸುವುದನ್ನೂ ಟೀಚರ್ ಕ್ಲಾಸಿನಲ್ಲಿ ಕಲಿಸಿದ ಮೇಲೆ ಮುಟ್ಟಿ. ಮೊದಲ ವಾರದಲ್ಲೇ ಬಗ್ಗುವ ಕೀಲಿಗಳು ಬಹುಪಾಲು ಅಪ್ಪ ಅಮ್ಮನ ಕೈಯಲ್ಲಿ ಬಗ್ಗಿದವು.

ತಿಂಡಿ ತಿಂದು ಬಾಯಿ ಮುಕ್ಕಳಿಸದೆ ಊದಬಾರದು. ಚಕ್ಕುಲಿ ಪುಡಿ ಪ್ಯಾಡಿನಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಮೌತ್‌ಪೀಸನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕುದಿಯುವ ನೀರು ಬೇಡ, ಡಿಶ್‌ವಾಶರ್ ಅಂತೂ ಬೇಡವೇ ಬೇಡ. ಟ್ರಂಪೆಟ್ ಮೌತ್‌ಪೀಸ್ ಸಿಕ್ಕಿಹಾಕಿಕೊಂಡರೆ ಇಕ್ಕುಳ ಹಾಕಿ ತಿರುಚಬೇಡಿ. ಅದನ್ನು ಬಿಡಿಸುವ ಸಾಧನ ಟೀಚರ್ ಹತ್ತಿರ ಇರುತ್ತದೆ, ಒಂದು ನಿಮಿಷದ ಕೆಲಸ. ವಾದ್ಯವನ್ನು ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ಅಭ್ಯಾಸ ದಿನಕ್ಕೆ 15–20 ನಿಮಿಷ ಸಾಕು. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ತುಟಿ ಊದಿಕೊಳ್ಳುತ್ತದೆ, ಪಾಠ ಹತ್ತುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ, ಗಂಟೆ ಗೊತ್ತು ಮಾಡಿಕೊಳ್ಳಿ. ಟ್ರಂಪೆಟ್, ಟ್ರೊಂಬೋನ್‌ಗೆ ಸದ್ದು ತಗ್ಗಿಸುವ ಮ್ಯೂಟ್ ಸಿಗುತ್ತದೆ, ಆದರೆ ದಿನಾ ಅದನ್ನೇ ಹಾಕಿ ಊದಿದರೆ ನಿಜವಾದ ಸದ್ದು ಬೆಳೆಯುವುದಿಲ್ಲ. ವಾರಕ್ಕೆರಡು ದಿನ ಬಟ್ಟೆ ತುಂಬಿದ ಕ್ಲಾಸೆಟ್ಟಿನೊಳಗೆ ನಿಂತು ಊದಲಿ. ನಮ್ಮ ಮನೆಯಲ್ಲಿ ಟ್ರೊಂಬೋನ್ ಬೆಳೆದದ್ದು ಸೀರೆಗಳ ನಡುವೆಯೇ.

ಮೂರನೇ ತಿಂಗಳಿಗೆ ‘ಬೇರೆ ವಾದ್ಯ ಬೇಕು’ ಅನ್ನುವ ರಾಗ ಶುರುವಾಗಬಹುದು. ಡಿಸೆಂಬರ್ ಕಾನ್ಸರ್ಟ್ ಮುಗಿಯುವ ತನಕ ತಾಳಿ. ವೇದಿಕೆಯಿಂದ ಇಳಿದ ಮೇಲೆ ಎಷ್ಟೋ ಮಕ್ಕಳು ಆ ಮಾತನ್ನೇ ಮರೆತುಬಿಡುತ್ತವೆ. ಆಮೇಲೂ ಅದೇ ಮಾತಾದರೆ ಟೀಚರ್ ಹತ್ತಿರ ಕೂತು ಮಾತಾಡಿ. ಕ್ಲಾರಿನೆಟ್‌ನಿಂದ ಸ್ಯಾಕ್ಸೊಫೋನ್‌ಗೆ, ಟ್ರಂಪೆಟ್‌ನಿಂದ ಯುಫೋನಿಯಂಗೆ ಹೋಗುವುದು ಕಷ್ಟವಲ್ಲ. ಬಾಡಿಗೆ ಅಂಗಡಿಯವರು ಕಟ್ಟಿದ ಹಣವನ್ನು ಹೊಸ ವಾದ್ಯದ ಲೆಕ್ಕಕ್ಕೆ ಹಾಕಿಕೊಡುತ್ತಾರೆಯೇ ಅಂತ ಅದೇ ದಿನ ಫೋನ್ ಮಾಡಿ ಕೇಳಿ.